ಎಣ್ಣೆ ಗೋಡೌನಿಗೆ ಬೋಜಪ್ಪ ಕಟ್ಟಿದ ಗಂಟೆ

ಶನಿವಾರಸಂತೆಯಲ್ಲಿ ಬಸ್ಸು ಇಳಿದು ಕೊಡ್ಲಿಪೇಟೆಯ ದಾರಿಯಲ್ಲಿ ಸ್ವಲ್ಪ ದೂರ ನಡೆದರೆ ಎಡಕ್ಕೆ ಕಲ್ಲುಗೋಡೆಯ, ಹೆಂಚು ಹೊದಿಸಿದ ಒಂದು ಉದ್ದನೆಯ ಕಟ್ಟಡವಿತ್ತು. ಅದು ಬೆಳೆಗಾರರ ಸಹಕಾರ ಸಂಘದ ಎಣ್ಣೆ ಗೋಡೌನು. ಸುತ್ತಲಿನ ತೋಟಗಳಲ್ಲಿ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಎಂಜಿನ್ನುಗಳಿಗೆ, ಜೀಪುಗಳಿಗೆ ಬೇಕಾದ ಪೆಟ್ರೋಲು, ಮನೆಮನೆಯ ದೀಪಕ್ಕೆ ಬೇಕಾದ ಸೀಮೆಎಣ್ಣೆ ಎಲ್ಲವೂ ಡ್ರಮ್ಮುಗಳಲ್ಲಿ ಬಂದು ಅಲ್ಲಿ ಇಳಿಯುತ್ತಿತ್ತು. ಗೋಡೌನಿನ ಹಿಂದಿನ ಗೋಡೆಗೂ ಪ್ರಾಥಮಿಕ ಶಾಲೆಯ ಅಂಗಳಕ್ಕೂ ನಡುವೆ ಒಂದು ದಾಸವಾಳದ ಬೇಲಿ ಮಾತ್ರ. ಆ ಕಾಲದಲ್ಲಿ ಅದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ.

ತಪ್ಪು ಕಾಣುತ್ತಿದ್ದವನು ಒಬ್ಬನೇ, ಗೋಡೌನಿನ ಸ್ಟೋರ್‌ಕೀಪರ್ ಬೋಜಪ್ಪ.

ಬೋಜಪ್ಪ ಆ ಕಡೆಯವನಲ್ಲ. ಭಾಗಮಂಡಲದ ಹತ್ತಿರದ ಒಂದು ಹಳ್ಳಿಯ ಅರೆಭಾಷೆ ಗೌಡರ ಮನೆಯವನು. ಎತ್ತರದ, ಸ್ವಲ್ಪ ಬಾಗಿ ನಡೆಯುವ ಮನುಷ್ಯ. ಮಾತು ಕಡಿಮೆ. ಗೋಡೌನಿಗೆ ಯಾರೇ ಬಂದರೂ ಬಾಗಿಲಲ್ಲಿ ನಿಲ್ಲಿಸಿ, ಜೇಬಿನಲ್ಲಿದ್ದ ಬೆಂಕಿಪೆಟ್ಟಿಗೆ, ಬೀಡಿಕಟ್ಟು ತೆಗೆಸಿ ಒಂದು ತಗಡಿನ ಡಬ್ಬಿಗೆ ಹಾಕಿಸಿಕೊಳ್ಳುತ್ತಿದ್ದ. ಎಸ್ಟೇಟಿನ ದೊರೆಗಳನ್ನೂ ಬಿಡುತ್ತಿರಲಿಲ್ಲ. ಕಲ್ಲಿಗೆ ತಾಗಿ ಕಿಡಿ ಹಾರಿಸುವ, ಲಾಳ ಹೊಡೆದ ಬೂಟು ಹಾಕಿಕೊಂಡು ಬಂದವರಿಗೆ ಹೊರಗೇ ಕುರ್ಚಿ. ‘ಬೋಜಪ್ಪನ ಮಡಿ’ ಎಂದು ಜನ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ, ಸಿಟ್ಟೂ ಆಗುತ್ತಿರಲಿಲ್ಲ.

ಈ ಮಡಿಗೆ ಕಾರಣ ಎರಡನೆಯ ಮಹಾಯುದ್ಧದ ಕಾಲದಲ್ಲಿತ್ತು. ಬೋಜಪ್ಪ ಮತ್ತು ಪಕ್ಕದ ಮನೆಯ ಉತ್ತಯ್ಯ ಒಂದೇ ದಿನ ಮಡಿಕೇರಿಗೆ ನಡೆದುಹೋಗಿ ಸೈನ್ಯಕ್ಕೆ ಸೇರಿದ್ದರು. ಇಬ್ಬರನ್ನೂ ಅಸ್ಸಾಮಿನ ಒಂದು ಪೆಟ್ರೋಲು ಡಿಪೋಗೆ ಹಾಕಿದರು. ಬಿದಿರಿನ ಉದ್ದುದ್ದ ಶೆಡ್ಡುಗಳು, ಒಳಗೆ ಮಾಡಿನವರೆಗೆ ಪೇರಿಸಿದ ಟಿನ್ನುಗಳು. ಟಿನ್ನುಗಳು ಸೋರುತ್ತಿದ್ದವು, ವಾಸನೆಗೆ ತಲೆ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಯಾರೋ ಕೈದೀಪದ ಸ್ವಿಚ್ಚು ಒತ್ತಿದರು. ಶೆಡ್ಡಿನ ಹಿಂದಿನ ಮೂಲೆಯಲ್ಲಿ ಬೆಂಕಿ ಹತ್ತಿತು. ಮುಂದಿನ ಬಾಗಿಲಲ್ಲಿ ಲಾರಿಗೆ ತುಂಬುತ್ತಿದ್ದವರಿಗೆ ಅದು ತಿಳಿಯುವಷ್ಟರಲ್ಲಿ ನಡುವಿನ ಸಾಲಿನಲ್ಲಿ ಲೆಕ್ಕ ಬರೆದುಕೊಳ್ಳುತ್ತಿದ್ದ ಉತ್ತಯ್ಯನಿಗೆ ದಾರಿ ಮುಚ್ಚಿಹೋಗಿತ್ತು.

ರಜೆಯಲ್ಲಿ ಊರಿಗೆ ಬಂದಾಗ ಬೋಜಪ್ಪ ಮೊದಲು ಹೋದದ್ದು ಉತ್ತಯ್ಯನ ತಾಯಿ ಪೂವಮ್ಮನ ಬಳಿಗೆ. ನಡೆದದ್ದನ್ನು ಆದಷ್ಟು ಮೆತ್ತಗೆ ಹೇಳಿದ. ಆಕೆ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಕೇಳಿದ್ದು ಒಂದೇ.

“ಬೆಂಕಿ ಹತ್ತಿದ್ ಯಾರಿಗೂ ಗೊತ್ತಾತ್ಲೆನಾ, ಮಗಾ?”

ಯಾರಿಗೂ ಗೊತ್ತಾಗಿರಲಿಲ್ಲ. ಆಕೆ ಕೊಟ್ಟ ಕಾಫಿಯನ್ನು ಬೋಜಪ್ಪ ಕುಡಿಯದೆ ಎದ್ದು ಬಂದ.

ಆ ಬೆಂಕಿಯ ನಂತರ ಡಿಪೋಗೆ ಹೊಸ ಬ್ರಿಟಿಷ್ ಸಾರ್ಜೆಂಟ್ ಒಬ್ಬ ಬಂದ. ಹ್ಯೂಸ್ ಎಂದು ಹೆಸರು. ಯುದ್ಧಕ್ಕೆ ಮೊದಲು ತನ್ನ ಊರಿನ ಕಲ್ಲಿದ್ದಲ ಗಣಿಯಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದವನು. ಪ್ರತಿ ಶೆಡ್ಡಿನ ಮಾಡಿನ ಕೆಳಗೆ ತಂತಿ ಎಳೆಸಿ, ಬಿಸಿ ತಾಗಿದರೆ ಹೊರಗೆ ಗಂಟೆ ಹೊಡೆಯುವಂತೆ ಮಾಡಿದ. ತಂತಿ ಎಳೆಯುವ ಕೆಲಸಕ್ಕೆ ಬೋಜಪ್ಪನನ್ನು ಹಾಕಿಕೊಂಡ. ಪೆಟ್ರೋಲಿನ ಆವಿ ತುಂಬಿದ ಜಾಗಕ್ಕೆ ವಿದ್ಯುತ್ತಿನ ತಂತಿಯೇ ಎಂದು ಬೋಜಪ್ಪ ಹಿಂಜರಿದಾಗ ಸಾರ್ಜೆಂಟ್ ಅರ್ಧ ಹಿಂದಿಯಲ್ಲಿ ತಿಳಿಸಿ ಹೇಳಿದ. ತಮ್ಮ ಗಣಿಗಳಲ್ಲಿ ಹಿಂದೆ ಸೂಚನೆಯ ಗಂಟೆಯ ತಂತಿಯ ಕಿಡಿಯಿಂದಲೇ ಗಣಿಯ ಅನಿಲಕ್ಕೆ ಬೆಂಕಿ ಹತ್ತಿ ಜನ ಸತ್ತರಂತೆ. ಆಮೇಲೆ ತಿಳಿದವರು ಕೂತು ಅಳೆದು ನೋಡಿದರಂತೆ. ಕಿಡಿಯಲ್ಲೂ ಬಲ ಇದ್ದದ್ದು, ಇಲ್ಲದ್ದು ಎಂದಿದೆ; ಒಂದು ಮಿತಿಗಿಂತ ಸಣ್ಣ ಕಿಡಿ ಆವಿಯ ನಡುವೆ ಹಾರಿದರೂ ಅದನ್ನು ಹೊತ್ತಿಸಲಾರದು. ತಂತಿ ಕಡಿದರೂ, ಒಂದಕ್ಕೊಂದು ತಾಗಿದರೂ ಕಿಡಿ ಆ ಮಿತಿ ದಾಟದ ಹಾಗೆ ನೋಡಿಕೊಂಡರೆ ಸಾಕು.

ಬೋಜಪ್ಪ ಎರಡು ವರ್ಷ ಸಾರ್ಜೆಂಟನ ಹಿಂದೆ ಏಣಿ ಹೊತ್ತ. ಯುದ್ಧ ಮುಗಿದು ಮನೆಗೆ ಬಂದ. ಬೊಳ್ಳಮ್ಮನನ್ನು ಮದುವೆಯಾದ. ಪೆಟ್ರೋಲಿನ ಕೆಲಸ ಗೊತ್ತಿದ್ದವನು ಎಂದು ಸಹಕಾರ ಸಂಘದವರು ಕರೆದಾಗ ಗಂಡ ಹೆಂಡತಿ ಶನಿವಾರಸಂತೆಗೆ ಬಂದು ಗೋಡೌನಿನ ಎದುರಿನ ಎರಡು ಕೋಣೆಯ ಮನೆಯಲ್ಲಿ ನೆಲೆ ನಿಂತರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಕಾಗದಪತ್ರಗಳೆಲ್ಲ ಬೆಂಗಳೂರಿನಿಂದ ಬರಲು ಶುರುವಾಗಿದ್ದವು. ಒಂದು ದಿನ ಗೋಡೌನಿನ ಲೈಸೆನ್ಸು ನೋಡಲು ಒಬ್ಬ ಅಧಿಕಾರಿ ಬಂದ. ಡ್ರಮ್ಮುಗಳನ್ನು ನೋಡಿದ, ಬೇಲಿಯಾಚೆ ಆಡುತ್ತಿದ್ದ ಮಕ್ಕಳನ್ನು ನೋಡಿದ. ಗೋಡೌನನ್ನು ಬೇರೆ ಕಡೆಗೆ ಸಾಗಿಸಬೇಕು, ಅಲ್ಲಿಯವರೆಗೆ ಬೆಂಕಿಯ ಸೂಚನೆ ಕೊಡುವ ಏನಾದರೂ ಏರ್ಪಾಡು ಇರಬೇಕು ಎಂದು ಬರೆದು ಹೋದ.

ಸಂಘದ ಕಾರ್ಯದರ್ಶಿ ಶಿವಶಂಕರಪ್ಪನವರು ಒಳ್ಳೆಯವರು, ಆದರೆ ಯಾವುದಕ್ಕೂ ನಾಲ್ಕು ಜನರನ್ನು ಕೇಳಿಯೇ ಹೆಜ್ಜೆ ಇಡುವವರು. ಪೇಟೆಗೆ ಹೊಸದಾಗಿ ಕರೆಂಟು ಬಂದಿತ್ತು. ಸೋಮವಾರಪೇಟೆಯಲ್ಲಿ ವೈರಿಂಗ್ ಅಂಗಡಿ ಇಟ್ಟಿದ್ದ ಜಯಪ್ಪನಿಗೆ ಹೇಳಿಕಳಿಸಿದರು. ಜಯಪ್ಪ ಬಂದು ಗೋಡೌನು ಅಳೆದು, ಒಳಗೆ ನಾಲ್ಕು ಕಡೆ ಸ್ವಿಚ್ಚು, ಹೊರಗೆ ದೊಡ್ಡ ಗಂಟೆ, ಎಲ್ಲ ಮೇನ್ ಲೈನಿನಿಂದ ಎಂದು ಹೇಳಿದ.

ಬಾಗಿಲಲ್ಲಿ ನಿಂತಿದ್ದ ಬೋಜಪ್ಪ ಬಾಯಿ ಬಿಟ್ಟ.

“ಅದು ಬೇಡ. ಒಳಗೆ ಮೇನ್ ಲೈನ್ ಬಂದ್ರೆ ಬೆಂಕಿನ ನಾವೇ ಕರೆದ ಹಾಗೆ.”

“ಬೋಜಪ್ಪನೋರೆ, ಮೈಸೂರಲ್ಲಿ ಎಲ್ಲ ಕಡೇನೂ ಹಾಕಿದಾರೆ ಕಣ್ರಿ” ಎಂದ ಜಯಪ್ಪ.

“ಪೆಟ್ರೋಲ್ ಇಡೊ ಕೋಣೆಗೆ ಹಾಕಿದಾರಾ?”

ಜಯಪ್ಪ ತಿರುಗಿ ಡ್ರಮ್ಮುಗಳ ಕಡೆ ನೋಡಿದ. ಅವನು ಮೋಸದವನಲ್ಲ, ಕೇಳಿದ್ದನ್ನು ಯೋಚಿಸುವ ಸ್ವಭಾವದವನು.

“ಮತ್ತೆ ಏನ್ ಮಾಡೋದು, ನೀವೇ ಹೇಳಿ” ಎಂದರು ಶಿವಶಂಕರಪ್ಪನವರು.

“ನಾನು ಕಟ್ತೇನೆ” ಎಂದ ಬೋಜಪ್ಪ. ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಹದಿನಾಲ್ಕು ವರ್ಷದಿಂದ ಅವನು ಒಂದು ತಂತಿ ಮುಟ್ಟಿರಲಿಲ್ಲ.

ಅವನ ಲೆಕ್ಕ ಹೀಗಿತ್ತು. ಒಳಗೆ ಮಾಡಿನ ಕೆಳಗೆ ಒಂದು ತಂತಿ ಸುತ್ತು ಬರಬೇಕು. ಅದರಲ್ಲಿ ಯಾವಾಗಲೂ ಸಣ್ಣಗೆ ವಿದ್ಯುತ್ತು ಹರಿಯುತ್ತಿರಬೇಕು. ಮಾರಿಗೊಂದು ಕಡೆ ತಂತಿಯನ್ನು ತುಂಡರಿಸಿ, ತುದಿಗಳಿಗೆ ಹಿತ್ತಾಳೆಯ ಎರಡು ಸ್ಪ್ರಿಂಗ್ ಪಟ್ಟಿ ಕೂಡಿಸಿ, ಅವು ದೂರ ಹಾರದೆ ಒಂದಕ್ಕೊಂದು ತಾಗಿಯೇ ಇರುವಂತೆ ಮೇಣ ಅಂಟಿಸಿದ ದಾರದಿಂದ ಕಟ್ಟಬೇಕು. ಬೆಂಕಿಯ ಬಿಸಿಗೆ ಮೇಣ ಕರಗಿದರೆ ದಾರ ಜಾರುತ್ತದೆ, ಪಟ್ಟಿಗಳು ಬಿಡುತ್ತವೆ, ವಿದ್ಯುತ್ತು ನಿಲ್ಲುತ್ತದೆ. ನಿಂತದ್ದೇ ಆಫೀಸಿನ ಕೋಣೆಯಲ್ಲಿರುವ ರಿಲೇ, ಅಂದರೆ ತಂತಿಯ ಸುರುಳಿಯಿಂದ ನಡೆಯುವ ಸ್ವಿಚ್ಚು, ಬಿಟ್ಟುಕೊಂಡು, ಬೇರೆ ಬ್ಯಾಟರಿಯ ಮೇಲೆ ಗಂಟೆ ಹೊಡೆಯುತ್ತದೆ. ತಂತಿಯನ್ನು ಯಾರಾದರೂ ಕಡಿದರೂ ಗಂಟೆಯೇ. ಕೆಟ್ಟರೆ ಕೂಗಿ ಹೇಳಬೇಕು, ಸುಮ್ಮನಿರಬಾರದು, ಅದು ಸಾರ್ಜೆಂಟ್ ಕಲಿಸಿದ ಮೊದಲ ಪಾಠ.

ಸಾಮಾನು ಒಂದೊಂದಾಗಿ ಕೂಡಿತು. ಪೋಸ್ಟ್ ಮಾಸ್ಟರ್ ಜನಾರ್ದನ ಭಟ್ಟರು ತಂತಿ ಕಚೇರಿಯಲ್ಲಿ ಕೈಬಿಟ್ಟಿದ್ದ ಒಂದು ಹಳೆಯ ರಿಲೇಯನ್ನು ಮೇಲಿನವರಿಗೆ ಬರೆದು ಒಪ್ಪಿಗೆ ತರಿಸಿಕೊಟ್ಟರು. ಕರಗುವ ಅಂಟಿಗೆ ಜೇನುಮೇಣ ಮತ್ತು ಧೂಪದ ಮರದ ರಾಳ. ಬ್ಯಾಟರಿಗೆ ಗಾಜಿನ ಜಾಡಿ, ತಳದಲ್ಲಿ ತಾಮ್ರದ ತಗಡು, ಅದರ ಮೇಲೆ ಮೈಲುತುತ್ತದ ಹರಳು, ನೀರು, ಮೇಲೆ ತೂಗುಹಾಕಿದ ಸತುವು. ಮೈಲುತುತ್ತ ಆ ಊರಲ್ಲಿ ಯಾರ ಮನೆಯಲ್ಲಿಲ್ಲ? ಕಾಫಿಗೆ, ಕಿತ್ತಳೆಗೆ ಸುಣ್ಣದ ಜೊತೆ ಕಲಸಿ ಹೊಡೆಯುವುದು ಅದನ್ನೇ. ಸತುವಿಗೆ ಖಾಲಿಯಾದ ಟಾರ್ಚ್ ಸೆಲ್ಲುಗಳ ಹೊರತಗಡು ಬಿಚ್ಚಿದ. ಗಾಜಿನ ಜಾಡಿಗಳು ಮಾತ್ರ ಬೊಳ್ಳಮ್ಮನವು.

“ಮೂರೂ ಬೇಕಾ? ಈ ಸಲ ಮಾವಿನಮಿಡಿ ನಾ ಎಲ್ಲಿ ಹಾಕ್ದು?” ಎಂದಳು ಆಕೆ.

“ಬೇರೆ ತಂದ್ ಕೊಡ್ತೆ.”

“ತಂದ್ ಕೊಡ್ವದು ನಂಗೆ ಗೊತ್ತುಟ್ಟು.” ಹೇಳಿಕೊಂಡೇ ಮೂರೂ ಜಾಡಿಗಳನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟಳು. ತಳದಲ್ಲಿ ನೀಲಿ, ಮೇಲೆ ತಿಳಿನೀರು ನಿಂತ ಜಾಡಿಗಳು ಆಫೀಸಿನ ಕಿಟಕಿಯಲ್ಲಿ ಸಾಲಾಗಿ ಕೂತಾಗ ನೋಡಲು ಬಂದವರಲ್ಲಿ ಆಕೆಯೂ ಇದ್ದಳು.

ಆಡಳಿತ ಮಂಡಳಿಯವರು ಪರೀಕ್ಷೆ ಬೇಕೆಂದರು. ಬೋಜಪ್ಪನಿಗೂ ಅದೇ ಬೇಕಿತ್ತು. ಊರಾಚೆಯ ಗದ್ದೆಯಲ್ಲಿ, ಕೊಯ್ಲು ಮುಗಿದ ಬಯಲಲ್ಲಿ, ಒಂದು ಸೀಮೆಎಣ್ಣೆ ಡಬ್ಬಿಯ ಬಾಯಿಗೆ ಕಾಗದ ಕಟ್ಟಿ, ಒಳಗೆ ನಾಲ್ಕು ತೊಟ್ಟು ಪೆಟ್ರೋಲು ಬಿಟ್ಟು ಆವಿಯಾಗಲು ಬಿಟ್ಟರು. ಒಳಗೆ ಎರಡು ತಂತಿಯ ತುದಿ. ದೂರದಿಂದ ಹಗ್ಗ ಎಳೆದರೆ ತುದಿಗಳು ತಾಗಿ ಬಿಡಬೇಕು. ಮಂಡಳಿಯ ಏಳು ಜನ, ಶಿವಶಂಕರಪ್ಪನವರು, ಜಯಪ್ಪ, ಶಾಲೆಯ ಟೀಚರು ಪದ್ಮಾಕ್ಷಿ, ಗೋಡೌನಿನ ಹಮಾಲಿ ಸಣ್ಣಸ್ವಾಮಿ, ಇನ್ನೂ ಹತ್ತಿಪ್ಪತ್ತು ಜನ ಬದುವಿನ ಮೇಲೆ ನಿಂತಿದ್ದರು.

ಮೊದಲು ಜಯಪ್ಪ ಪಕ್ಕದ ಕಂಬದಿಂದ ಎಳೆದು ತಂದ ಲೈನು. ಹಗ್ಗ ಎಳೆದದ್ದೇ ಡಬ್ಬಿ ಢಂ ಎಂದಿತು, ಕಾಗದ ಸುಟ್ಟು ಚೂರಾಗಿ ಹಾರಿತು. ಜಯಪ್ಪ ತಾನೇ “ಸರಿ, ನನ್ನದು ಬೇಡ” ಎಂದ.

ಆಮೇಲೆ ಬೋಜಪ್ಪನ ಜಾಡಿಗಳು. ಇಪ್ಪತ್ತು ಸಲ ಎಳೆದರು. ಏನೂ ಆಗಲಿಲ್ಲ. ಬದುವಿನ ಮೇಲೆ ತಲೆಗಳು ಆಡಿದವು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಗೋಡೌನಿನಲ್ಲಿ ಇರುವ ಹಾಗೆಯೇ ತೋರಿಸಬೇಕೆಂದು ಬೋಜಪ್ಪ ರಿಲೇಯನ್ನೂ ತಂತಿಗೆ ಸೇರಿಸಿದ. ಒಂದು ಸಲ ಎಳೆದ. ಎರಡನೆಯ ಸಲ. ಮೂರನೆಯ ಸಲಕ್ಕೆ ಡಬ್ಬಿ ಢಂ ಎಂದಿತು.

ಬದುವಿನ ಮೇಲೆ ಯಾರೋ ಒಬ್ಬ ಸಣ್ಣಗೆ ನಕ್ಕ. ಬೋಜಪ್ಪ ಹಗ್ಗ ಹಿಡಿದೇ ನಿಂತಿದ್ದ. ಶಾಲೆಯ ಮಕ್ಕಳ ಪಕ್ಕದಲ್ಲಿ ತಾನು ಇದನ್ನೇ ಕಟ್ಟಲು ಹೊರಟಿದ್ದೆ ಎಂಬುದು ಅವನಿಗೆ ನಗುವವರಿಗಿಂತ ಮೊದಲು ಹೊಳೆದಿತ್ತು.

“ತೋರಿಸಿದ್ದು ಒಳ್ಳೇದಾಯ್ತು” ಎಂದಷ್ಟೇ ಹೇಳಿ ಶಿವಶಂಕರಪ್ಪನವರು ಜನರನ್ನು ಕಳಿಸಿದರು.

ಮೂರು ದಿನ ಬೋಜಪ್ಪ ಗೋಡೌನು ಬಿಟ್ಟರೆ ಮನೆ, ಮನೆ ಬಿಟ್ಟರೆ ಗೋಡೌನು. ಊಟಕ್ಕೆ ಕೂತರೂ ಬೆರಳು ತಟ್ಟೆಯ ಅಂಚಿನಲ್ಲಿ ತಂತಿ ಎಳೆಯುತ್ತಿತ್ತು. ಸಾರ್ಜೆಂಟ್ ಕಟ್ಟಿದ್ದು ಯಾಕೆ ಹೊತ್ತಿಸುತ್ತಿರಲಿಲ್ಲ? ಒಂದೊಂದೇ ನೆನಪು ಮಾಡಿಕೊಂಡ. ಗಂಟೆಯ ಪೆಟ್ಟಿಗೆ ಮುಚ್ಚುವ ಮೊದಲು ಸಾರ್ಜೆಂಟ್ ಸುರುಳಿಯ ಎರಡು ಕೊನೆಗಳ ನಡುವೆ ಒಂದು ಸಣ್ಣ ತಂತಿಯ ಸಿಂಬಿ ಸೇರಿಸಿ ಬೆಸೆಯುತ್ತಿದ್ದ. ಪ್ರತಿ ಸಲವೂ. ಅದೇಕೆಂದು ಬೋಜಪ್ಪ ಕೇಳಿರಲಿಲ್ಲ.

ನಾಲ್ಕನೆಯ ದಿನ ಸೋಮವಾರಪೇಟೆಯ ಬಸ್ಸು ಹತ್ತಿ ಜಯಪ್ಪನ ಅಂಗಡಿಗೆ ಹೋದ.

“ಬರ್ತೀರ ಅಂತ ಗೊತ್ತಿತ್ತು” ಎಂದ ಜಯಪ್ಪ. “ನಂಗೂ ನಿದ್ದೆ ಬಂದಿಲ್ಲ. ಜಾಡಿಯಿಂದ ಕಿಡಿ ಬಂದಿಲ್ಲ ಕಣ್ರಿ. ಕಿಡಿ ಬಂದಿದ್ದು ರಿಲೇ ಸುರುಳಿಯಿಂದ. ಹರಿಯೊ ಕರೆಂಟನ್ನ ಸುರುಳಿ ಹಿಡಿದಿಟ್ಕೊತದೆ. ತಂತಿ ಬಿಟ್ಟ ಕ್ಷಣ ಅಷ್ಟನ್ನೂ ಒಂದೇ ಸಲ ಹೊರಗೆ ಹಾಕ್ತದೆ.”

“ಅದಕ್ಕೆ ಬೇರೆ ದಾರಿ ಕೊಟ್ರೆ?”

“ಅದೇ ನಾನೂ ಯೋಚಿಸ್ತಿದ್ದೆ.”

ಬೋಜಪ್ಪ ಸಾರ್ಜೆಂಟನ ಸಿಂಬಿಯ ವಿಷಯ ಹೇಳಿದ. ಜಯಪ್ಪ ಎದ್ದು, ಕೆಟ್ಟ ಕರೆಂಟ್ ಒಲೆಯೊಂದರ ತಂತಿ ಬಿಡಿಸಿ ತಂದ. ಅದನ್ನು ನೇರ ಮಾಡಿ, ನಡುವಿಗೆ ಮಡಿಸಿ, ಎರಡೂ ಎಳೆ ಒಂದಕ್ಕೊಂದು ತಾಗದಂತೆ ನಡುವೆ ಕಾಗದವಿಟ್ಟು ಒಂದು ರಟ್ಟಿಗೆ ಸುತ್ತಿದರು. ರಿಲೇಯ ಸುರುಳಿಗೆ ಅಡ್ಡವಾಗಿ ಬೆಸೆದರು. ಸುರುಳಿಯಲ್ಲಿ ಉಳಿದದ್ದು ಇನ್ನು ಈ ತಂತಿಯಲ್ಲೇ ಹರಿದು ಬಿಸಿಯಾಗಿ ಮುಗಿಯಬೇಕು, ಗೋಡೌನಿನ ತನಕ ಹೋಗಬಾರದು. ಅಂಗಡಿಯ ಹಿತ್ತಲಲ್ಲಿ ಡಬ್ಬಿ ಇಟ್ಟು ಇನ್ನೂರು ಸಲ ಎಳೆದರು. ಹತ್ತು ಸಲಕ್ಕೊಮ್ಮೆ ಹೊಸ ಆವಿ ತುಂಬಿದರು. ಡಬ್ಬಿ ಸುಮ್ಮನಿತ್ತು. ಜಾಡಿ ಮೂರರ ಬದಲು ಆರು ಇಟ್ಟು ಎಳೆದರು. ಆಗಲೂ ಸುಮ್ಮನಿತ್ತು.

“ಇನ್ನು ಕಟ್ಟಿ” ಎಂದ ಜಯಪ್ಪ.

ಶಿವಶಂಕರಪ್ಪನವರು ಮತ್ತೊಮ್ಮೆ ಎಲ್ಲರನ್ನೂ ಗದ್ದೆಗೆ ಕರೆಸಿದರು. ಈ ಸಲ ಬಂದವರು ಅರ್ಧದಷ್ಟು. ಪದ್ಮಾಕ್ಷಿ ಟೀಚರ್ ಬಂದಿದ್ದಳು. ಐವತ್ತು ಸಲ ಎಳೆದ ಮೇಲೆ ಆಕೆ ತಾನೂ ಎಳೆದು ನೋಡುತ್ತೇನೆಂದು ಕೇಳಿ, ಸೆರಗು ಸಿಕ್ಕಿಸಿಕೊಂಡು ಹಗ್ಗ ಹಿಡಿದಳು. ಆಮೇಲೆ ಬೋಜಪ್ಪನ ಹತ್ತಿರ ಬಂದು ಕೇಳಿದಳು:

“ಗಂಟೆ ಹೊಡೆದ್ರೆ ನಾನೇನು ಮಾಡಬೇಕು?”

ಗದ್ದೆಯಲ್ಲಿ ನೆರೆದವರಲ್ಲಿ ಆ ಪ್ರಶ್ನೆ ಕೇಳಿದವಳು ಆಕೆಯೊಬ್ಬಳೇ.

“ಮಕ್ಕಳನ್ನ ಕರ್ಕೊಂಡು ಮೇಲಿನ ಬಾಣೆಗೆ, ಆ ಹುಲ್ಲುಗುಡ್ಡಕ್ಕೆ ಹೋಗಿ, ಟೀಚರೆ. ಗಾಳಿ ಆ ಕಡೆಯಿಂದ ಬರ್ತದೆ. ಯಾಕೆ ಹೊಡೀತು ಅಂತ ಕೇಳೋಕೆ ನಿಲ್ಲಬೇಡಿ.”

ತಂತಿ ಎಳೆಯುವ ಕೆಲಸ ಆರು ದಿನ ಹಿಡಿಯಿತು. ಡ್ರಮ್ಮುಗಳನ್ನೆಲ್ಲ ಹೊರಗೆ ಸಾಗಿಸಿ, ಬಾಗಿಲು ಕಿಟಕಿ ಎರಡು ದಿನ ತೆರೆದಿಟ್ಟು ಗಾಳಿಯಾಡಿಸಿದ ಮೇಲೇ ಬೋಜಪ್ಪ ಏಣಿ ಹತ್ತಿದ್ದು. ಮೊಳೆಯನ್ನೂ ಕಬ್ಬಿಣದ ಸುತ್ತಿಗೆಯಿಂದ ಹೊಡೆಯಲಿಲ್ಲ. ಮರದ ಕೊಡತಿಯಿಂದ ಹಿತ್ತಾಳೆಯ ಮೊಳೆ ಹೊಡೆದ. ಬೆಸುಗೆಯ ಕೆಲಸವೆಲ್ಲ ಮನೆಯ ಜಗಲಿಯಲ್ಲಿ, ಗೋಡೌನಿನ ಒಳಗೆ ಬರೀ ತಿರುಪು. ಸಣ್ಣಸ್ವಾಮಿ ಏಣಿ ಹಿಡಿದ. ಕೊನೆಯ ದಿನ ಇಬ್ಬರೂ ಸೇರಿ ಮಾಡಿನ ಕೆಳಗಿನ ಹದಿನೆಂಟು ಜೋಡಿ ಪಟ್ಟಿಗಳನ್ನೂ ಬಿಸಿ ಇಟ್ಟಿಗೆ ಹಿಡಿದು ಒಂದೊಂದಾಗಿ ಬಿಡಿಸಿ ನೋಡಿದರು. ಹದಿನೆಂಟು ಸಲವೂ ಆಫೀಸಿನ ಗೋಡೆಯ ಗಂಟೆ ಹೊಡೆಯಿತು. ಆಮೇಲೆ ಡ್ರಮ್ಮುಗಳು ಒಳಗೆ ಬಂದವು.

ಕಟ್ಟಿದ ಒಂದೂವರೆ ತಿಂಗಳಿಗೆ, ಜನವರಿಯ ಒಂದು ಶನಿವಾರ, ಸಂತೆ ನೆರೆದ ಹೊತ್ತಿನಲ್ಲಿ ಗಂಟೆ ಹೊಡೆಯಿತು. ಸಂತೆ ದಿಕ್ಕಾಪಾಲಾಗಿ ಓಡಿತು. ಬದನೆಕಾಯಿ ರಾಶಿ ತುಳಿದರು, ಒಬ್ಬ ಮುದುಕಿಯ ಮೊಟ್ಟೆಯ ಬುಟ್ಟಿ ಒಡೆಯಿತು. ಬೋಜಪ್ಪ ಹೋಗಿ ನೋಡಿದರೆ ಇಲಿ ತಂತಿ ಕಡಿದಿತ್ತು. ತಂತಿಯನ್ನು ಬಿದಿರಿನ ಕೊಳವೆಯೊಳಗೆ ಹಾಯಿಸಿದ. ಮುದುಕಿಯ ಮನೆ ಹುಡುಕಿಕೊಂಡು ಹೋಗಿ ಬೊಳ್ಳಮ್ಮ ಸಾಕಿದ್ದ ಎರಡು ಕೋಳಿ ಕೊಟ್ಟು ಬಂದ.

ಮಾರ್ಚಿ ಮೊದಲ ವಾರದ ಒಂದು ಮಧ್ಯಾಹ್ನ ಮತ್ತೆ ಹೊಡೆಯಿತು. ಈ ಸಲ ಮೇಣ. ಆ ವರ್ಷದ ಬಿಸಿಲಿಗೆ ಹೆಂಚು ಕಾದು, ಮೇಣ ಮೆತ್ತಗಾಗಿ ಒಂದು ದಾರ ಜಾರಿತ್ತು. ತಪ್ಪು ಬೋಜಪ್ಪನದೇ. ಮಂಜು ಬೀಳುವ ತಿಂಗಳಲ್ಲಿ ಹದ ನೋಡಿದ್ದ, ಬಿಸಿಲ ತಿಂಗಳು ನೆನೆದಿರಲಿಲ್ಲ.

ಎರಡೂ ಸಲ ಪದ್ಮಾಕ್ಷಿ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಾಣೆಗೆ ಹೋಗಿದ್ದಳು. ಎರಡನೆಯ ಸಲ ರಸ್ತೆಯಲ್ಲಿ ನಿಂತವರು, “ಏನ್ ಟೀಚರೆ, ವನಭೋಜನವಾ?” ಎಂದು ಕೇಳಿದ್ದರು.

ಆಡಳಿತ ಮಂಡಳಿ ಕೂತಿತು. “ಸುಳ್ಳು ಹೇಳೊ ಗಂಟೆ ಇದ್ದು ಏನ್ ಪ್ರಯೋಜನ? ಕೀಳ್ಸಿ ಹಾಕಿ” ಎಂದವರೇ ಹೆಚ್ಚು. ಬೋಜಪ್ಪನನ್ನು ಕರೆಸಿದರು.

“ನಂದೇ ತಪ್ಪು” ಎಂದ ಅವನು. “ರಾಳ ಕಡಿಮೆ ಆಗಿತ್ತು. ಸರಿ ಮಾಡ್ತಾ ಇದ್ದೇನೆ. ಮಳೆಗಾಲದವರೆಗೆ ಟೈಮ್ ಕೊಡಿ. ಆಮೇಲೂ ಸುಳ್ಳು ಹೊಡೆದ್ರೆ ನಾನೇ ಕೀಳ್ತೇನೆ.”

ಬೇಡಿಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. ಶಿವಶಂಕರಪ್ಪನವರೇ ಮಂಡಳಿಯನ್ನು ಒಪ್ಪಿಸಿ ಮಳೆಗಾಲದ ತನಕ ಗಡುವು ಕೊಡಿಸಿದರು. ಬೋಜಪ್ಪ ರಾಳ ಹೆಚ್ಚಿಸಿ, ಬಾಣಲೆಯ ಬಿಸಿನೀರಿನಲ್ಲಿ ದಾರಗಳನ್ನು ಅದ್ದಿ ನೋಡಿ ನೋಡಿ ಹದ ಕಂಡುಕೊಂಡು ಹದಿನೆಂಟನ್ನೂ ಬದಲಿಸಿದ.

ಯುಗಾದಿ ಕಳೆದ ಆ ದಿನಗಳಲ್ಲಿ ಗೋಡೌನಿನ ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಸುತ್ತಿದ್ದರು. ಬಣ್ಣದವನು ಹಾಸನದ ಕಡೆಯವನು, ಕೆಲಸದಲ್ಲಿ ಅಚ್ಚುಕಟ್ಟು. ಬೆಂಕಿಪೆಟ್ಟಿಗೆ, ಬೀಡಿ ಎಲ್ಲ ಕೇಳುವ ಮೊದಲೇ ಡಬ್ಬಿಗೆ ಹಾಕುತ್ತಿದ್ದ. ಬಾಗಿಲಿಗೆ ಅಗಸೆ ಎಣ್ಣೆ ಉಜ್ಜಿದ ಬಟ್ಟೆಚೂರುಗಳನ್ನು ಮಾತ್ರ ನೆಲಕ್ಕೆ ಕಲೆಯಾಗಬಾರದೆಂದು ಮೂಲೆಯ ಖಾಲಿ ಗೋಣಿಚೀಲಗಳ ಮೇಲೆ ಗುಡ್ಡೆ ಹಾಕಿ, ಮಧ್ಯಾಹ್ನದ ಊಟಕ್ಕೆ ಹೋದ. ಅಗಸೆ ಎಣ್ಣೆಯ ಬಟ್ಟೆ ಗುಡ್ಡೆಯಾಗಿ ಬಿದ್ದರೆ ಯಾರೂ ಕಡ್ಡಿ ಗೀರದೆ ತಾನೇ ಒಳಗೊಳಗೆ ಕಾಯುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬೋಜಪ್ಪನಿಗೂ ಗೊತ್ತಿರಲಿಲ್ಲ.

ಬೋಜಪ್ಪ ಆ ದಿನ ಊರಲ್ಲಿರಲಿಲ್ಲ. ಜಾಡಿಗಳಿಗೆ ಹೊಸ ತಾಮ್ರದ ತಗಡು ತರಲು ಸೋಮವಾರಪೇಟೆಗೆ ಹೋಗಿದ್ದ.

ಮೂರು ಗಂಟೆಯ ಹೊತ್ತಿಗೆ ಗಂಟೆ ಹೊಡೆಯಿತು. ರಸ್ತೆಯಲ್ಲಿದ್ದವರು ತಲೆ ಎತ್ತಿ ನೋಡಿ, ನಕ್ಕು, ತಮ್ಮ ಕೆಲಸಕ್ಕೆ ಬಿದ್ದರು. ಹೋಟೆಲಿನಲ್ಲಿ ಕೂತಿದ್ದ ಮಂಡಳಿಯ ಸದಸ್ಯರೊಬ್ಬರು, “ಇವತ್ತಿಗೆ ಮುಗೀತು ಬೋಜಪ್ಪನ ಗಂಟೆ” ಎಂದರಂತೆ.

ಪದ್ಮಾಕ್ಷಿ ಮೂರನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದಳು. ಅರ್ಧಕ್ಕೆ ನಿಲ್ಲಿಸಿದಳು. “ಏಳಿ, ಸಾಲು” ಎಂದಳು. ಮುಖ್ಯೋಪಾಧ್ಯಾಯರು ಬಾಗಿಲಿಗೆ ಬಂದು, “ಮತ್ತೆ ಇಲಿ ಇರಬೇಕು, ಟೀಚರೆ” ಎಂದರು.

“ಇಲಿಯಾದ್ರೆ ವಾಪಸು ಬಂದು ಮಗ್ಗಿ ಮುಂದುವರಿಸ್ತೀವಿ ಸಾರ್” ಎಂದು ಆಕೆ ನಡೆದೇಬಿಟ್ಟಳು. ಆಕೆಯ ತರಗತಿ ಹೊರಟದ್ದು ನೋಡಿ ಉಳಿದವೂ ಎದ್ದವು. ಎಪ್ಪತ್ತು ಮಕ್ಕಳು ಬಾಣೆ ಹತ್ತಿದರು.

ಗೋಡೌನಿನ ಬಳಿ ಇದ್ದವನು ಸಣ್ಣಸ್ವಾಮಿ ಒಬ್ಬ, ಬಣ್ಣದವನು ಊಟದಿಂದ ಇನ್ನೂ ಬಂದಿರಲಿಲ್ಲ. ಸುಳ್ಳಿರಲಿ ನಿಜವಿರಲಿ, ಗಂಟೆ ಹೊಡೆದರೆ ಬಾಗಿಲು ತೆರೆದು ಹೊರಗೇ ನಿಂತು ಮೊದಲು ಮೂಸಿ ನೋಡಬೇಕು, ಬೆಂಕಿ ಕಂಡರೆ ಓಡಬೇಕು ಎಂದು ಬೋಜಪ್ಪ ಅವನಿಗೆ ಹೇಳಿದ್ದ. ತೆರೆದ. ಪೆಟ್ರೋಲಿನ ವಾಸನೆಯ ಜೊತೆಗೆ ಸುಟ್ಟ ಗೋಣಿಯ ವಾಸನೆ. ಮೂಲೆಯಲ್ಲಿ ಹೊಗೆ ಏಳುತ್ತಿತ್ತು, ಗುಡ್ಡೆಯ ಬುಡ ಕೆಂಪಾಗಿತ್ತು. ಹತ್ತಿರದ ಪೆಟ್ರೋಲ್ ಡ್ರಮ್ಮಿಗೂ ಅದಕ್ಕೂ ಎರಡು ಮಾರು. ಸಣ್ಣಸ್ವಾಮಿ ಬಾಗಿಲ ಬಳಿಯ ಮರಳಿನ ಬುಟ್ಟಿಗಳನ್ನು ಒಂದರ ಹಿಂದೆ ಒಂದರಂತೆ ಗುಡ್ಡೆಯ ಮೇಲೆ ಸುರಿದ. ಆದರೂ ಬದಿಯಿಂದ ಹೊಗೆ ಬರುತ್ತಲೇ ಇತ್ತು. ಆಗ ಅವನು ಒದ್ದೆ ಗೋಣಿಯೊಂದನ್ನು ಕೈಗೆ ಸುತ್ತಿಕೊಂಡು, ಗುಡ್ಡೆಯ ಕೆಳಗಿನ ಚೀಲದ ಕಿವಿ ಹಿಡಿದು, ಇಡೀ ರಾಶಿಯನ್ನು ನೆಲದ ಮೇಲೆ ಎಳೆದುಕೊಂಡು ಬಾಗಿಲು ದಾಟಿಸಿದ. ಅಂಗಳಕ್ಕೆ ಬಂದು ಗಾಳಿ ತಾಗಿದ್ದೇ ಅದು ಭಗ್ಗೆಂದು ಹೊತ್ತಿ ಆಳೆತ್ತರ ಎದ್ದಿತು. ಆ ಬೆಂಕಿಯನ್ನು ಹೋಟೆಲಿನಲ್ಲಿ ಕೂತಿದ್ದವರೆಲ್ಲ ನೋಡಿದರು.

ಬೋಜಪ್ಪ ಸಂಜೆಯ ಬಸ್ಸಿನಲ್ಲಿ ಬಂದ. ಬಸ್ ಸ್ಟ್ಯಾಂಡಿನಲ್ಲೇ ನಾಲ್ಕು ಜನ ಒಟ್ಟಿಗೆ ಹೇಳಲು ಶುರು ಮಾಡಿದರು. ಅವನು ಕೇಳಿದ್ದು, “ಮಕ್ಕಳು?”

“ಎಲ್ಲ ಮನೆಗೆ ಹೋದ್ವು. ಒಂದಕ್ಕೂ ಏನೂ ಆಗಿಲ್ಲ.”

“ಸಣ್ಣಸ್ವಾಮಿ?”

“ಕೈ ಸುಟ್ಟದೆ. ಆಸ್ಪತ್ರೆಲಿ ಅವ್ನೆ.”

ಬೋಜಪ್ಪ ಗೋಡೌನಿಗೆ ಹೋಗಲಿಲ್ಲ. ತಗಡಿನ ಕಟ್ಟನ್ನು ಹಾಗೇ ಹೋಟೆಲಿನ ಬೆಂಚಿನ ಮೇಲಿಟ್ಟು ಆಸ್ಪತ್ರೆಗೆ ನಡೆದ. ಸಣ್ಣಸ್ವಾಮಿಯ ಎರಡೂ ಕೈಗೆ ಮೊಣಕೈ ತನಕ ಬಟ್ಟೆ ಸುತ್ತಿದ್ದರು. ಅವನ ಹೆಂಡತಿ ಚಿನ್ನಿ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು. ಬೋಜಪ್ಪನನ್ನು ಕಂಡು ಎದ್ದು ನಿಂತಳು.

“ನಿಮ್ಮ ಗಂಟೆ ದಿಟ ಹೇಳ್ತು, ಬೋಜಪ್ಪಣ್ಣ” ಎಂದ ಸಣ್ಣಸ್ವಾಮಿ.

“ಹೊರಗೆ ಓಡು ಅಂತ ಹೇಳಿದ್ದೆನಲ್ಲೊ. ಎಳೆಯೋಕೆ ಯಾರು ಹೇಳಿದ್ರು?”

“ಡ್ರಮ್ ಪಕ್ಕದಲ್ಲೇ ಇತ್ತಲ್ಲ.”

ಬೋಜಪ್ಪ ಹಾಸಿಗೆಯ ತುದಿಯಲ್ಲಿ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಚಿನ್ನಿ ಏನು ಮಾಡುವುದೆಂದು ತಿಳಿಯದೆ ಗಂಜಿಯ ಲೋಟ ಹಿಡಿದು ನಿಂತಿದ್ದಳು.

ಮಾರನೆಯ ದಿನ ಏಣಿ ಹತ್ತಿ ನೋಡಿದಾಗ ಮೂಲೆಯ ಮೇಲಿನ ಹದಿಮೂರನೆಯ ಜೋಡಿ ಬಿಟ್ಟಿತ್ತು. ಸುತ್ತ ಹೊಗೆಯ ಕಲೆ. ಉಳಿದ ಹದಿನೇಳು ಹಾಗೇ ಇದ್ದವು.

ಬಣ್ಣದವನು ಹೆದರಿ ಊರು ಬಿಡಲು ಹೊರಟಿದ್ದ. ಬೋಜಪ್ಪ ಅವನನ್ನು ನಿಲ್ಲಿಸಿ ಕರೆತಂದು ಮಂಡಳಿಯವರ ಎದುರು, “ಇವನಿಗೆ ಗೊತ್ತಿರಲಿಲ್ಲ, ನಂಗೂ ಗೊತ್ತಿರಲಿಲ್ಲ. ಈಗ ಇಬ್ಬರಿಗೂ ಗೊತ್ತಾಯ್ತು” ಎಂದ. ಉಳಿದ ಬಾಗಿಲುಗಳಿಗೂ ಅವನೇ ಬಣ್ಣ ಬಳಿದು, ಬಟ್ಟೆಚೂರುಗಳನ್ನು ನೀರಿನ ತೊಟ್ಟಿಗೆ ಹಾಕಿ ಹೋದ.

ಸಣ್ಣಸ್ವಾಮಿಯ ಬಲಗೈ ಸರಿಹೋಯಿತು. ಎಡಗೈಯ ಎರಡು ಬೆರಳು ಮಡಿಸಲು ಬರದೇ ಹೋದವು. ಹೊರೆ ಹೊರುವ ಕೆಲಸ ಇನ್ನು ಆಗುತ್ತಿರಲಿಲ್ಲ. ಸಂಘದಲ್ಲಿ ಅವನಿಗೆ ಬೇರೆ ಕೆಲಸ ಕೊಡಲೇಬೇಕೆಂದು ಬೋಜಪ್ಪ ಹಿಡಿದ ಹಟಕ್ಕೆ ಸಣ್ಣಸ್ವಾಮಿ ಗಂಟೆಯ ಮೇಲ್ವಿಚಾರಕನಾದ. ವಾರಕ್ಕೊಮ್ಮೆ ತಂತಿ ಪರೀಕ್ಷೆ, ಜಾಡಿಗೆ ನೀರು, ಮೈಲುತುತ್ತ, ಸತುವು ಬದಲಿಸುವುದು, ವರ್ಷಕ್ಕೊಮ್ಮೆ ಹದಿನೆಂಟು ದಾರಕ್ಕೂ ಹೊಸ ಮೇಣ. ಎಲ್ಲ ಕಲಿತ. ಜಯಪ್ಪ ಅದೇ ಮಾದರಿಯನ್ನು ಸೋಮವಾರಪೇಟೆಯ ಸುತ್ತಿನ ನಾಲ್ಕೈದು ಎಸ್ಟೇಟುಗಳ ಪೆಟ್ರೋಲ್ ಶೆಡ್ಡಿಗೆ ಕಟ್ಟಿದಾಗ ಅವಕ್ಕೆ ಮೇಣದ ದಾರ ಸಿದ್ಧ ಮಾಡಿ ಕೊಡುತ್ತಿದ್ದವರು ಸಣ್ಣಸ್ವಾಮಿ ಮತ್ತು ಚಿನ್ನಿ.

ಅಧಿಕಾರಿ ಮತ್ತೊಮ್ಮೆ ಬಂದಾಗ ಎಲ್ಲವನ್ನೂ ನೋಡಿ, ಒಲೆಯ ತಂತಿಯ ಸಿಂಬಿಯ ಎದುರು ಬಹಳ ಹೊತ್ತು ನಿಂತ. “ಇದನ್ನ ಎಲ್ಲಿ ಓದಿದ್ರಿ?” ಎಂದು ಕೇಳಿದ.

“ಓದಿದ್ದಲ್ಲ ಸಾರ್. ಒಬ್ಬರು ಮಾಡೋದು ನೋಡಿದ್ದೆ, ಯಾಕೆ ಅಂತ ಕೇಳಿರಲಿಲ್ಲ. ಗದ್ದೆಲಿ ಒಂದು ಡಬ್ಬಿ ಒಡೆದ ಮೇಲೆ ಗೊತ್ತಾಯ್ತು” ಎಂದ ಬೋಜಪ್ಪ.

ಮೂರು ವರ್ಷದ ನಂತರ ಗೋಡೌನು ಊರಾಚೆಗೆ ಹೋಯಿತು. ಬೋಜಪ್ಪ ಅಲ್ಲಿಯೂ ಆರು ವರ್ಷ ಕೆಲಸ ಮಾಡಿದ. ನಿವೃತ್ತಿಯ ನಂತರ ಗಂಡ ಹೆಂಡತಿ ಊರಿಗೆ ಮರಳಲಿಲ್ಲ. ಸೋಮವಾರಪೇಟೆಯಲ್ಲಿ ಜಯಪ್ಪನ ಅಂಗಡಿಯ ಹಿಂದೆ ಒಂದು ಮನೆ ಹಿಡಿದರು. ಅಷ್ಟರಲ್ಲಿ ಪೇಟೆಗೆ ಪೆಟ್ರೋಲ್ ಬಂಕ್ ಬಂದಿತ್ತು. ದಿನವೂ ಬೆಳಿಗ್ಗೆ ಹಾಲಿಗೆ ಹೋಗುವಾಗ ಬೋಜಪ್ಪನ ದಾರಿ ಅದರ ಎದುರಿಗೇ.

ಒಂದು ದಿನ ಲಾರಿ ಡ್ರೈವರ್ ಒಬ್ಬ ಬಾಯಲ್ಲಿ ಬೀಡಿ ಇಟ್ಟುಕೊಂಡೇ ಬಂಕಿನೊಳಗೆ ಇಳಿದಿದ್ದ. ಬೋಜಪ್ಪ ರಸ್ತೆ ದಾಟಿ ಹೋಗಿ ಅವನ ಎದುರು ನಿಂತ.

“ಏನ್ ತಾತ?” ಎಂದ ಡ್ರೈವರ್.

“ಬೀಡಿ.”

ಡ್ರೈವರ್ ಒಂದು ಕ್ಷಣ ನೋಡಿದ. ಮುದುಕ ಕದಲುವವನಲ್ಲ ಎಂದು ತಿಳಿದು ರಸ್ತೆಯಾಚೆಗೆ ಹೋಗಿ ಬೀಡಿಯನ್ನು ಚರಂಡಿಯ ನೀರಿಗೆ ಹಾಕಿ ಬಂದ. ಬೋಜಪ್ಪ ಅದು ಆರುವುದನ್ನು ನೋಡಿ, ಹಾಲಿನ ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಮನೆಯ ಕಡೆ ನಡೆದ.